ಹಿಮ್ಮಡಿ ಸವೆದ ಕಡೆ

ನಾನು ಗಿಡ್ಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಬರುವ ಮಾನಗೇಡಿನ ಸಂಗತಿಗಳೆಲ್ಲ ಶುರುವಾಗುವುದು ಇಲ್ಲಿಂದಲೇ. ಶಾಲೆಯ ಪ್ರಾರ್ಥನೆಯಲ್ಲಿ ಸಾಲಿನ ತಲೆಗೆ ನಿಲ್ಲುತ್ತಿದ್ದವಳು ನಾನು. ಹೊಳೆನರಸೀಪುರದಿಂದ ಹಾಸನದ ಕಾಲೇಜಿಗೆ ಓಡಾಡಿದ ಅಷ್ಟೂ ವರ್ಷ ಬಸ್ಸಿನ ಮೇಲಿನ ಕಂಬಿ ನನ್ನ ಕೈಗೆ ಸಿಗಲಿಲ್ಲ. ಯಾರದೋ ಸೀಟಿನ ಬೆನ್ನು ಹಿಡಿದುಕೊಂಡು, ಅವರ ಜಡೆಗೋ ಟವೆಲ್ಲಿಗೋ ಕೈ ತಾಗಿಸಿ ಬೈಸಿಕೊಂಡು ಬಂದವಳು. ಆದರೂ ಅದು ದೊಡ್ಡ ದುಃಖ ಅಂತ ಅನ್ನಿಸಿರಲಿಲ್ಲ. ಅನ್ನಿಸಿದ್ದು ಹಾಸನದ ಒಂದು ಸ್ಕೂಟರ್ ಶೋರೂಮಿನಲ್ಲಿ ಕೆಲಸ ಸಿಕ್ಕಿದ ಮೇಲೆ.

ಆ ಶೋರೂಮಿನ ಕೌಂಟರನ್ನು ಯಾರೋ ಉದ್ದನೆಯ ಮನುಷ್ಯ ತನ್ನ ಎದೆಮಟ್ಟ ನೋಡಿಕೊಂಡು ಮಾಡಿಸಿದ್ದಿರಬೇಕು. ಅದರ ಹಿಂದೆ ನಿಂತರೆ ಎದುರಿನವರಿಗೆ ನನ್ನ ಹಣೆ, ಹುಬ್ಬು, ಹೆಚ್ಚೆಂದರೆ ಮೂಗು ಕಾಣುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅರಕಲಗೂಡಿನ ಕಡೆಯ ಶುಂಠಿ ಬೆಳೆಗಾರರೊಬ್ಬರು ಗಾಡಿ ನೋಡಲು ಬಂದರು. ನಾನು ಅಲ್ಲೇ ನಿಂತು ನಗುನಗುತ್ತಾ "ಬನ್ನಿ ಸರ್" ಅಂದೆ. ಅವರು ಆಚೆ ಈಚೆ ನೋಡಿ, ಬಾಗಿಲ ಬಳಿ ಗಾಡಿ ಒರೆಸುತ್ತಿದ್ದವನನ್ನು ಕರೆದು, "ಯಾರೂ ಇಲ್ವೇನ್ಲಾ ಇಲ್ಲಿ? ಬರೀ ದನಿ ಬತ್ತೈತೆ" ಅಂದರು. ಇಡೀ ಶೋರೂಮು ನಕ್ಕಿತು. ನಾನೂ ನಕ್ಕೆ, ನಗದೆ ಇದ್ದಿದ್ದರೆ ಇನ್ನೂ ಕೆಟ್ಟದಾಗಿ ಕಾಣುತ್ತಿತ್ತು. ಅವತ್ತು ಸಂಜೆಯೇ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಒಂದು ಜೊತೆ ಹೈಹೀಲ್ಸ್ ಕೊಂಡೆ.

ಕಪ್ಪು ಬಣ್ಣ, ಮುಂದೆ ಅಗಲ ಪಟ್ಟಿ, ಹಿಂದೆ ಹೆಬ್ಬೆರಳಿನಷ್ಟು ದಪ್ಪದ ಎತ್ತರದ ಹಿಮ್ಮಡಿ, ಅದರ ಬುಡದಲ್ಲೊಂದು ಪುಟ್ಟ ರಬ್ಬರ್ ಬಿಲ್ಲೆ. ಹಾಕಿಕೊಂಡು ಕೌಂಟರಿನ ಹಿಂದೆ ನಿಂತೆ. ಗಲ್ಲದವರೆಗೂ ಕಂಡೆ. ಅಷ್ಟು ಸಾಕಿತ್ತು. ಆದರೆ ದಿನವಿಡೀ ನಿಂತೇ ಇರುವ ಹಾಗಿರಲಿಲ್ಲವಲ್ಲ, ನಡೆಯಬೇಕಿತ್ತು. ನನ್ನ ನಡಿಗೆ ಎಂಥದ್ದು ಅಂತ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ನಮ್ಮದು ಹಿಟ್ಟಿನ ಗಿರಣಿ. ಹೊಳೆನರಸೀಪುರದಲ್ಲಿ ರಸ್ತೆಗೆ ಮುಖ ಮಾಡಿ ಗಿರಣಿ, ಅದರ ಹಿಂದಕ್ಕೆ ಅಂಟಿಕೊಂಡು ಮನೆ. ಅಪ್ಪ ತೀರಿಕೊಂಡ ಮೇಲೆ ಅವ್ವನೇ ಅದನ್ನು ನಡೆಸುತ್ತಾ ಬಂದವಳು. ಬೆಳಿಗ್ಗೆ ಬೆಲ್ಟು ತಿರುಗಲು ಶುರುವಾದರೆ ನಮ್ಮ ಮನೆಯಲ್ಲಿ ಮಾತೆಲ್ಲ ಕಿರುಚಾಟ, ಪಾತ್ರೆ ಬಿದ್ದರೂ ಕೇಳಿಸುವುದಿಲ್ಲ. ಅಂಥ ಸದ್ದಿನಲ್ಲಿ ಬೆಳೆದವರಿಗೆ ತಮ್ಮ ಹೆಜ್ಜೆಯ ಸದ್ದು ಎಲ್ಲಿಂದ ಗೊತ್ತಾಗಬೇಕು? ನಾನು ಧಡಧಡ ನಡೆಯುತ್ತಿದ್ದೆನಂತೆ. ಶೋರೂಮಿನ ತಣ್ಣನೆಯ, ನಿಶ್ಶಬ್ದದ ಟೈಲ್ಸ್ ಮೇಲೆ ಅದು ಎಲ್ಲರಿಗೂ ಕೇಳಿಸಿತು. ನಾನು ಕೌಂಟರಿನಿಂದ ನೀರಿನ ಫಿಲ್ಟರ್ ಕಡೆ ಹೋದರೆ, ಗಾಡಿ ನೋಡುತ್ತಿದ್ದವರು ತಿರುಗಿ ಯಾರೋ ಏನೋ ಹೊಡೆಯುತ್ತಿದ್ದಾರೆ ಅನ್ನುವ ಹಾಗೆ ನೋಡುತ್ತಿದ್ದರು.

ಸದ್ದಿನ ಜೊತೆಗೇ ಇನ್ನೊಂದು ಆಯಿತು. ರಬ್ಬರ್ ಬಿಲ್ಲೆಗಳು ಹಿಂದಿನ ಹೊರಮೂಲೆಯಲ್ಲಿ ಸವೆಯುತ್ತಾ ಬಂದವು. ಒಂದು ಕಡೆಗೆ ಇಳಿಜಾರಾಗಿ, ಒಂದು ದಿನ ಆ ಮೂಲೆ ಕಿತ್ತುಹೋಗಿ, ಒಳಗಿನ ಕಬ್ಬಿಣದ ಮೊಳೆ ಹೊರಗೆ ಬಂತು. ನಾನು ನೋಡಿಕೊಳ್ಳಲಿಲ್ಲ. ಮ್ಯಾನೇಜರ್ ನೋಡಿದರು. ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಮಾತಾಡುವ ಪದ್ಧತಿಯಿತ್ತು. ಅವತ್ತು ಅವರು ಮಾತಾಡಲಿಲ್ಲ, ಬಗ್ಗಿ ಬೆರಳು ಮಾಡಿ ತೋರಿಸುತ್ತಾ ನಡೆದರು. ಟೈಲ್ಸ್ ಮೇಲೆ ಸಣ್ಣ ಸಣ್ಣ ಬಿಳಿ ಗೀರುಗಳು. ಕೌಂಟರಿನಿಂದ ಫಿಲ್ಟರಿಗೆ, ಫಿಲ್ಟರಿನಿಂದ ಇನ್ಶೂರೆನ್ಸ್ ಮೇಜಿಗೆ, ಅಲ್ಲಿಂದ ಹಿಂದಿನ ಟಾಯ್ಲೆಟ್ಟಿಗೆ. ನಾನು ದಿನಾ ಎಲ್ಲೆಲ್ಲಿಗೆ ಹೋಗುತ್ತೇನೆ, ಎಷ್ಟು ಸಲ ಹೋಗುತ್ತೇನೆ ಅನ್ನುವುದು ನೆಲದ ಮೇಲೆ ಬರೆದಿಟ್ಟ ಹಾಗಿತ್ತು. "ಎತ್ತಿಗೆ ಲಾಳ ಹೊಡ್ಸಿ ಶೋರೂಮಲ್ಲಿ ಬಿಟ್ಟಂಗಿದೆ" ಅಂದರು ಮ್ಯಾನೇಜರ್. ಯಾರ ಹೆಸರೂ ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ, ಎಲ್ಲರೂ ನನ್ನ ಕಾಲನ್ನೇ ನೋಡುತ್ತಿದ್ದರು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಇನ್ಶೂರೆನ್ಸ್ ಮೇಜಿನಲ್ಲಿ ಕೂರುತ್ತಿದ್ದವಳು ನನಗಿಂತ ಸ್ವಲ್ಪ ದೊಡ್ಡವಳು, ಅಕ್ಕ ಅಂತಲೇ ಕರೆಯುತ್ತಿದ್ದೆ. ವರ್ಷಗಟ್ಟಲೆ ಹೈಹೀಲ್ಸ್ ಹಾಕಿದವಳು, ಮಾತು ಸ್ವಲ್ಪ ಖಾರ. ಮಧ್ಯಾಹ್ನ ಊಟದ ಹೊತ್ತಿಗೆ ನನ್ನ ಚಪ್ಪಲಿ ಎತ್ತಿ ತಿರುಗಿಸಿ ನೋಡಿ, "ಇದೇನೇ, ಹಿಮ್ಮಡೀಲಿ ನೆಲ ಅಗೀತೀಯಾ?" ಅಂದಳು. ಹಿಂದಿನ ಹೊರಮೂಲೆ ಸವೆದಿದೆ ಅಂದರೆ ಕಾಲನ್ನು ಉದ್ದಕ್ಕೆ ಚಾಚಿ ಹಿಮ್ಮಡಿಯ ಅಂಚನ್ನೇ ಮೊದಲು ಗುದ್ದುತ್ತೀಯ ಅಂತ ಅರ್ಥ, ಪಾದವನ್ನು ಹೊರಕ್ಕೆ ತಿರುಗಿಸಿಯೂ ಇಡುತ್ತೀಯ ಅಂದಳು. ಮೊದಲು ಹೆಜ್ಜೆ ಸಣ್ಣದು ಮಾಡು. ಹಿಮ್ಮಡಿ ಊರಿದ ಗಳಿಗೆಯಲ್ಲೇ ಮುಂಗಾಲೂ ಮೆಲ್ಲಗೆ ಇಳಿಯಲಿ, ಭಾರವೆಲ್ಲ ಹಿಂದಕ್ಕೇ ಬೀಳದಿರಲಿ. ಪಾದ ನೇರ ಇರಲಿ. ತಿರುಗುವಾಗ ಹಿಮ್ಮಡಿಯ ಮೇಲೆ ಗಿರ್ರನೆ ತಿರುಗಬೇಡ, ಕಾಲೆತ್ತಿ ಇಟ್ಟು ತಿರುಗು. ಮೆಟ್ಟಿಲಿನಲ್ಲಿ ಮುಂಗಾಲು ಮಾತ್ರ. ಬಸ್ಸಿಗೆ, ರೋಡಿಗೆ ಬೇರೆ ಚಪ್ಪಲಿ ಇಟ್ಟುಕೋ, ಜಲ್ಲಿಯ ಮೇಲೆ ಇದು ಉಳಿಯಲ್ಲ. ಒಂದೇ ಉಸಿರಿಗೆ ಇಷ್ಟು ಹೇಳಿ, ತನ್ನ ಅನ್ನ ಸಾರು ಮುಂದುವರಿಸಿದಳು.

ನಾನು ಹಟಮಾರಿ. ಬೆಳಿಗ್ಗೆ ಬೇಗ ಬಂದು, ಶಟರ್ ಅರ್ಧ ಎತ್ತಿದ್ದಾಗಲೇ ಟೈಲ್ಸಿನ ಸಂದಿಯ ಗೆರೆ ಹಿಡಿದು ನಡೆಯುತ್ತಿದ್ದೆ. ಗೆರೆಯ ಮೇಲೆ ಪಾದ, ಮತ್ತೆ ಗೆರೆಯ ಮೇಲೆ ಪಾದ. ಮೊದಮೊದಲು ಕೆಸರುಗದ್ದೆಯಲ್ಲಿ ನಡೆಯುವ ಕೊಕ್ಕರೆಯಂತೆ ಕಂಡಿರಬೇಕು. ಮೀನಖಂಡ ಹಿಡಿದುಕೊಳ್ಳುತ್ತಿತ್ತು, ರಾತ್ರಿ ಎಣ್ಣೆ ತಿಕ್ಕಿಕೊಂಡು ಮಲಗುತ್ತಿದ್ದೆ. ಆದರೆ ನಡಿಗೆ ಬಂತು. ಸದ್ದು ಸಣ್ಣದಾಯಿತು. ಹೊಸ ರಬ್ಬರು ಹಾಕಿಸಿದ ಮೇಲೆ ಆಗಾಗ ತಿರುಗಿಸಿ ನೋಡುತ್ತಿದ್ದೆ. ಸವೆದರೂ ಎರಡೂ ಕಡೆ ಸಮವಾಗಿ, ಸ್ವಲ್ಪ ಸ್ವಲ್ಪವೇ ಸವೆಯುತ್ತಿದ್ದವು. ಪರೀಕ್ಷೆ ಪಾಸಾದಾಗಲೂ ನನಗೆ ಅಂಥ ಖುಷಿ ಆಗಿರಲಿಲ್ಲ.

ಅಲ್ಲಿಂದ ನನಗೊಂದು ಕೆಟ್ಟ ಚಟ ಅಂಟಿಕೊಂಡಿತು. ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಂಡಕಂಡವರ ಹಿಮ್ಮಡಿ ನೋಡುವುದು. ಇವಳು ಬಲಕ್ಕೆ ವಾಲುತ್ತಾಳೆ, ಅದೇ ಭುಜಕ್ಕೆ ಬ್ಯಾಗು. ಇವರು ಕಾಲೆಳೆಯುತ್ತಾರೆ, ಚಪ್ಪಲಿ ಮುಂದೆ ಸವೆದಿದೆ. ಈ ಮೇಷ್ಟ್ರು ಒಳಕ್ಕೆ ತುಳಿಯುತ್ತಾರೆ, ಶೂ ಒಳಗಡೆ ಚಪ್ಪಟೆ. ಅಕ್ಕನ ಜೊತೆ ಕೂತು ಒಬ್ಬೊಬ್ಬರ ನಡಿಗೆ ಆಡಿಕೊಂಡು ನಗುತ್ತಿದ್ದೆ. ಊರಿನವರ ಕಾಲೆಲ್ಲ ನನ್ನ ಕಣ್ಣಿಗೆ ಬಿತ್ತು ಅಂತ ನನಗೆ ಜಂಬ.

ಆ ಜಂಬದಲ್ಲೇ ಚನ್ನರಾಯಪಟ್ಟಣಕ್ಕೆ ಒಂದು ಮದುವೆಗೆ ಹೋದೆ, ನೆಂಟರ ಹುಡುಗಿಯದು. ಆರತಕ್ಷತೆಯ ಸಂಜೆ, ಮಾವಿನಕಾಯಿ ಬಣ್ಣದ ಸೀರೆ, ಕೆಳಗೆ ಹೈಹೀಲ್ಸ್. ಸೀರೆ ನೆಲ ಮುಟ್ಟುವಂತೆ ಉಟ್ಟಿದ್ದರಿಂದ ಹಿಮ್ಮಡಿ ಕಾಣುತ್ತಿರಲಿಲ್ಲ. ಕಲ್ಯಾಣಮಂಟಪದ ಉದ್ದಕ್ಕೆ ಹಾಸಿದ ಕೆಂಪು ಹಾಸಿನ ಮೇಲೆ ವೇದಿಕೆಯವರೆಗೆ ನಡೆದು ಹೋಗಿ, ಉಡುಗೊರೆ ಕೊಟ್ಟು, ವಾಪಸ್ ಬಂದೆ. ಊಟದ ಹಾಲಿನಲ್ಲಿ ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಗಂಡಸೊಬ್ಬರು ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ಪಟ್ಟಣದಲ್ಲೇ ಕೊಬ್ಬರಿ ವ್ಯಾಪಾರ, ಪಿಯು ಕಾಲೇಜಿನಲ್ಲಿ ಪಾಠ ಮಾಡುವ ಕೆಲಸವನ್ನು ಬಿಟ್ಟು ಅಪ್ಪನ ಕೊಬ್ಬರಿ ಮಂಡಿ ನೋಡಿಕೊಳ್ಳುತ್ತಿದ್ದಾರಂತೆ. ನಾನು ಶೋರೂಮಿನವಳು ಅಂತ ಗೊತ್ತಾಗಿ ಸ್ಕೂಟರಿನ ಮೈಲೇಜ್ ವಿಷಯ ಕೇಳಿದರು. ನಾನು ಹೇಳಿದ್ದನ್ನು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು. ಹಪ್ಪಳ ಎರಡನೇ ಸಲ ಬಂದಾಗ ಬಡಿಸುವವನಿಗೆ ಮೊದಲು ನನ್ನ ಎಲೆ ತೋರಿಸಿದರು. ಅಷ್ಟೇ. ಆದರೆ ಬಸ್ಸಿನಲ್ಲಿ ಬರುವಾಗ ನಾನು ಅದನ್ನೇ ನೆನೆಸಿಕೊಂಡು ಕಿಟಕಿಗೆ ತಲೆ ಕೊಟ್ಟು ಕೂತಿದ್ದೆ.

ಮುಂದಿನ ವಾರ ಅರಕಲಗೂಡಿನಿಂದ ನನ್ನ ಸೋದರಮಾವ ಫೋನ್ ಮಾಡಿದರು. ಆ ಕೊಬ್ಬರಿ ವ್ಯಾಪಾರದವರ ಮನೆಯಿಂದಲೇ ಮಾತು ಬಂದಿದೆ. ಹುಡುಗನ ದೊಡ್ಡಮ್ಮ ಮಂಟಪದಲ್ಲಿ ನನ್ನನ್ನು ನೋಡಿದ್ದಾರೆ, ಆ ಮನೆಯಲ್ಲಿ ಅವರ ಮಾತೇ ಮಾತು. "ಉಡ್ಗಿ ಎತ್ತರ ಐತೆ, ನಡಿಗೆ ಭಾಳ ಚೆಂದ, ಅಂದ್ರಂತೆ ಕಣವ್ವ" ಅಂದರು ಮಾವ. ಆ ಎತ್ತರ ಹೈಹೀಲ್ಸಿನದು ಅಂತ ನನಗೆ ಗೊತ್ತಿತ್ತು. ಆದರೂ ಮುಚ್ಚಿಟ್ಟುಕೊಳ್ಳುವುದೇನು, ಈ ಸಂಬಂಧ ಕೂಡಿಬರಲಿ ಅಂತ ನನಗೇ ತುಂಬ ಆಸೆಯಿತ್ತು. ಮೊದಲು ಬಂದು ಹೋದ ಗಂಡುಗಳ ವಿಷಯದಲ್ಲಿ ಹೀಗೆ ಅನ್ನಿಸಿರಲಿಲ್ಲ. ಅವ್ವ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಗಿರಣಿಯ ಕಿಟಕಿಗೆ ಬಣ್ಣ ಹೊಡೆಸಿದಳು, ಹಾಲಿನ ಸೋಫಾಕ್ಕೆ ಹೊಸ ಹೊದಿಕೆ ತಂದಳು.

ನಾನು ತಯಾರಿ ಮಾಡಿಕೊಂಡದ್ದು ನಡಿಗೆಯದು. ನಮ್ಮ ಕಡೆ ಹೆಣ್ಣು ನೋಡಲು ಬಂದವರು ಹುಡುಗಿಯ ಕೈಲಿ ಕಾಫಿ ತರಿಸುತ್ತಾರೆ. ಕಾಫಿ ಒಂದು ನೆಪ, ನೋಡುವುದು ನಡಿಗೆಯನ್ನು. ಕಾಲಿನಲ್ಲಿ ಐಬು ಇದೆಯೋ ಅಂತ ತಿಳಿಯುವುದು ಹಾಗೆಯೇ. ಹಾಗಾಗಿ ದಿನಾ ಸಂಜೆ ಹೈಹೀಲ್ಸ್ ತೊಳೆದು ಒರೆಸಿ ಹಾಕಿಕೊಂಡು, ತಟ್ಟೆಯಲ್ಲಿ ನೀರಿನ ಲೋಟ ಇಟ್ಟುಕೊಂಡು ಅಡುಗೆಮನೆಯಿಂದ ಹಾಲಿಗೆ ನಡೆದೆ. ನೀರು ತುಳುಕಲಿಲ್ಲ. ಅವ್ವ ಬಾಗಿಲಿಗೆ ಒರಗಿ ನಿಂತು ನೋಡಿ, "ಲಕ್ಷ್ಮಿ ಬಂದಂಗೆ ಬತ್ತೀಯ ಬುಡು" ಅಂದಳು. ರಬ್ಬರ್ ಸ್ವಲ್ಪ ಸವೆದಿತ್ತು, ಯಾಕೆ ಬೇಕು ಅಂತ ಹೊಸದು ಹೊಡೆಸಿಕೊಂಡು ಬಂದೆ.

ನಾವು ಇಬ್ಬರೂ ದಡ್ಡರೇನಲ್ಲ. ಆದರೂ, ಮನೆಯೊಳಗೆ, ಬಂದವರ ಮುಂದೆ, ದೇವರ ಫೋಟೊ ಇರುವ ಹಾಲಿನಲ್ಲಿ ನಾನು ಬರಿಗಾಲಿನಲ್ಲೇ ನಡೆಯಬೇಕು ಅನ್ನುವುದು ಕೊನೆಯ ಗಳಿಗೆಯವರೆಗೆ ಇಬ್ಬರಿಗೂ ಹೊಳೆಯಲಿಲ್ಲ. ಕಾರು ರಸ್ತೆಯ ತಿರುವಿಗೆ ಬಂತು ಅಂತ ಮಾವ ಫೋನ್ ಮಾಡಿದಾಗ ನಾನು ಅಡುಗೆಮನೆಯಲ್ಲಿ ಹೈಹೀಲ್ಸ್ ಪಟ್ಟಿ ಬಿಗಿಯುತ್ತಿದ್ದೆ. ಅವ್ವ ಕೇಸರಿಬಾತಿನ ಸೌಟು ಹಿಡಿದುಕೊಂಡೇ ನನ್ನ ಕಾಲು ನೋಡಿದಳು. ನಾನು ಅವಳ ಮುಖ ನೋಡಿದೆ. "ಚಪ್ಪಲಿ ಮೆಟ್ಕಂಡು ಕಾಫಿ ಕೊಡ್ತಾರೇನೇ?" ಅಂದಳು ಮೆಲ್ಲಗೆ. ನಾನು ಬಿಚ್ಚಿ, ಓಡಿಹೋಗಿ ಮುಂಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡಿನಲ್ಲಿ ಇಟ್ಟು ಬಂದೆ.

ಬಂದವರು ಮೂರೇ ಜನ, ಹುಡುಗ, ಅವರಪ್ಪ, ದೊಡ್ಡಮ್ಮ. ಜೊತೆಗೆ ನಮ್ಮ ಮಾವ. ನಾನು ತಟ್ಟೆ ಹಿಡಿದು ಹೊರಗೆ ಬಂದ ತಕ್ಷಣ ದೊಡ್ಡಮ್ಮನ ಕಣ್ಣು ನನ್ನ ತಲೆಯಿಂದ ಕಾಲಿಗೆ, ಕಾಲಿನಿಂದ ತಲೆಗೆ ಹೋಯಿತು. ಮಂಟಪದಲ್ಲಿ ಕಂಡಿದ್ದ ಹುಡುಗಿಯಲ್ಲಿ ನಾಲ್ಕು ಬೆರಳಷ್ಟು ಎತ್ತರ ಎಲ್ಲಿ ಹೋಯಿತು ಅಂತ ಹುಡುಕುತ್ತಿದ್ದರು. ಅದರ ಮೇಲೆ ಇನ್ನೊಂದು. ಒಂದು ವರ್ಷದ ಮೇಲಾಗಿ ಹೈಹೀಲ್ಸಿನಲ್ಲೇ ದಿನ ಕಳೆದಿದ್ದ ನನ್ನ ಮೀನಖಂಡ ಬಿಗಿದುಹೋಗಿತ್ತು. ಮನೆಯಲ್ಲಿ ಹೇಗೋ ಒಂದು ಥರ ಓಡಾಡುವಾಗ ಗೊತ್ತಾಗದ್ದು, ಈಗ ಆ ಕಲಿತ ನಡಿಗೆಯನ್ನು ಬರಿಗಾಲಿನಲ್ಲಿ ನಡೆಯಲು ಹೋದರೆ ಹಿಮ್ಮಡಿ ನೆಲಕ್ಕೆ ಇಳಿಯಲೇ ಇಲ್ಲ. ಮುಂಗಾಲಿನ ಮೇಲೆ, ಬಿಸಿ ನೆಲ ತುಳಿದವಳಂತೆ, ಪುಟಪುಟ ಅಂತ ಬಂದೆ. ಕಾಫಿ ತಟ್ಟೆಗೆ ಚೆಲ್ಲಿತು.

"ಕಾಲಿಗೇನಾರ ಮುಳ್ಳು ಚುಚ್ಚೈತಾ ಮಗಾ?" ಕೇಳಿದರು ದೊಡ್ಡಮ್ಮ.

"ಇಲ್ಲ" ಅಂದೆ.

"ಅಂಗಾರೆ ಆ ಟಿವಿತಾವ್ಲಿಂದ ಬಾಗ್ಲುಗಂಟ ಒಂದ್ಸಲ ಓಗ್ಬಾರವ್ವ. ಬ್ಯಾಸರ ಮಾಡ್ಕಬ್ಯಾಡ."

ನಡೆದೆ. ನೋಡುವವರಿದ್ದಾರೆ ಅನ್ನುವ ಹೆದರಿಕೆಗೆ ಇನ್ನೂ ಕೆಟ್ಟದಾಗಿ ನಡೆದೆ. ಹುಡುಗ ಫೋನಿನಲ್ಲಿ ಮುಖ ಹುದುಗಿಸಿಕೊಂಡರು. ನನ್ನ ಮರ್ಯಾದೆ ಉಳಿಸಲು ಹಾಗೆ ಮಾಡಿದರು ಅಂತ ಆಗಲೇ ಅನ್ನಿಸಿತು, ಅದರಿಂದ ಇನ್ನಷ್ಟು ನಾಚಿಕೆಯಾಯಿತು. ದನದ ಜಾತ್ರೆಯಲ್ಲಿ ಹಗ್ಗ ಹಿಡಿದು ಓಡಿಸಿ ನೋಡುವುದು ಇದಕ್ಕಿಂತ ಮೇಲು, ದನಕ್ಕೆ ನಾಚಿಕೆಯಾದರೂ ಇರುವುದಿಲ್ಲ. ಒಳಗೊಳಗೇ ಕೋಪ ಉಕ್ಕಿ ಬರುತ್ತಿತ್ತು, ಆದರೆ ಆ ಹುಡುಗ ನನಗೆ ಬೇಕಾಗಿತ್ತು. ಬಾಯಿ ಮುಚ್ಚಿಕೊಂಡಿದ್ದೆ.

ದೊಡ್ಡಮ್ಮ ಎದ್ದರು. ಕೆಟ್ಟವರೇನಲ್ಲ, ನಿಧಾನವಾಗಿ, ಯಾರಿಗೂ ನೋವಾಗದ ದನಿಯಲ್ಲಿ ಹೇಳಿದರು: "ಕಾಲು ಸುಳ್ಳು ಏಳ್ಬೌದು, ಚಪ್ಪಲಿ ಏಳಾಕಿಲ್ಲ." ಮುಂಬಾಗಿಲಿಗೆ ಹೋಗಿ ನನ್ನ ಹೈಹೀಲ್ಸ್ ಎತ್ತಿಕೊಂಡು ಬಂದು, ಟ್ಯೂಬ್‌ಲೈಟಿನ ಕೆಳಗೆ ತಿರುಗಿಸಿ ಹಿಡಿದರು. ಇಷ್ಟು ಎತ್ತರ! ನಾಲ್ಕು ಬೆರಳಿನ ಲೆಕ್ಕ ಅಲ್ಲಿಗೆ ಮುಗಿಯಿತು. ಆಮೇಲೆ ಬುಡ ನೋಡಿದರು. ಎರಡೂ ಕಡೆ ಹೊಚ್ಚ ಹೊಸ ರಬ್ಬರು, ಒಂದು ಗೀರೂ ಇಲ್ಲ.

"ನಾವು ಬತ್ತೀವಿ ಅಂತ ಒಸಾದು ಒಡ್ಸವ್ರೆ" ಅಂದರು ಹುಡುಗನ ಅಪ್ಪನ ಕಡೆ ತಿರುಗಿ. ಏನೋ ಮುಚ್ಚಿಡುತ್ತಿದ್ದಾರೆ ಅನ್ನುವ ಅರ್ಥ ಆ ಮಾತಿನಲ್ಲಿ ಪೂರ್ತಿ ಇತ್ತು. ನಾನು ಒಂದು ವರ್ಷ ಬೆವರು ಸುರಿಸಿ ಸಮವಾಗಿ ಸವೆಸಿದ್ದ ರಬ್ಬರನ್ನು ನಾನೇ ಕೀಳಿಸಿ ಬಿಸಾಡಿ ಬಂದಿದ್ದೆ.

ಆಗ ಅವ್ವ ಗಾಬರಿಯಾದಳು. "ಅಯ್ಯೋ, ಅಂಗೇನಿಲ್ಲ ಕಣಕ್ಕಾ. ಇರಿ, ಅವ್ಳ ಅಳೇ ಚಪ್ಪಲಿ ಐತೆ, ನೀವೇ ನೋಡೀರಂತೆ" ಅನ್ನುತ್ತಾ ಗಿರಣಿಯ ಕಡೆಯ ಬಾಗಿಲಿಗೆ ಹೋದಳು. ತಂದದ್ದು ಒಂದು ಜೊತೆ ನೀಲಿ ಹವಾಯಿ ಚಪ್ಪಲಿ. ಅದು ನನ್ನದೇ, ಕೆಲಸಕ್ಕೆ ಸೇರುವ ಮೊದಲು ಕೊಂಡದ್ದು. ನಾನು ಹೈಹೀಲ್ಸ್ ಹಾಕಲು ಶುರು ಮಾಡಿದ ಮೇಲೆ ಅವ್ವ ಅದನ್ನು ಗಿರಣಿಗೆ ಹಾಕಿಕೊಳ್ಳುತ್ತಿದ್ದಳು. ದಿನಾ ಹಾಕಿಕೊಂಡರೂ ಅವಳ ಬಾಯಲ್ಲಿ ಅದು ಇವತ್ತಿಗೂ "ನಿನ್ನ ಚಪ್ಪಲಿ". ಹಾಗೆ ಹೇಳಿ ಹೇಳಿ ಅದು ನನ್ನದೇ ಅಂತ ಅವಳು ನಂಬಿಬಿಟ್ಟಿದ್ದಳು.

ದೊಡ್ಡಮ್ಮ ಹಿಟ್ಟು ಕೊಡವಿ, ಒಂದೊಂದನ್ನೇ ತಿರುಗಿಸಿದರು. ಬಲಗಾಲಿನದು ಪರವಾಗಿಲ್ಲ, ಗೆರೆಗಳು ಇನ್ನೂ ಕಾಣುತ್ತಿದ್ದವು. ಎಡಗಾಲಿನದನ್ನು ದೀಪಕ್ಕೆ ಹಿಡಿದರು. ಹಿಮ್ಮಡಿಯ ಕಡೆ ಒಳಬದಿ ಕಾಗದದಷ್ಟು ತೆಳ್ಳಗಾಗಿ, ಒಂದು ಕಡೆ ತೂತೇ ಬಿದ್ದಿತ್ತು. ಆ ತೂತಿನಿಂದ ಬೆಳಕು ಬಂದು ಅವರ ಕೆನ್ನೆಯ ಮೇಲೆ ಬಿತ್ತು.

"ಎಡಗಾಲು ಎಳೀತದೆ" ಅಂದರು ದೊಡ್ಡಮ್ಮ.

ನನಗೆ ಮೊದಲು ಬಂದದ್ದು ಸಿಟ್ಟು. ಅವ್ವನ ಮೇಲೆ. ಎಲ್ಲ ಹಾಳು ಮಾಡಿದಳಲ್ಲ, ಇದನ್ನೇ ತರಬೇಕಾಗಿತ್ತಾ ಅಂತ. ಅದು ನನ್ನ ಕಾಲಲ್ಲ ಅಂತ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವ್ವನೇ ಹೇಳಿದಳು: "ಅಯ್ಯೋ ನನ್ ಬುದ್ಧಿಗಿಷ್ಟು! ಅದು ನಾನು ಮೆಟ್ಕಳಾದು ಕಣಕ್ಕಾ. ಈಗ ನಂದೇಯ. ಎಳಿಯಾದು ನನ್ ಕಾಲು, ನನ್ ಮಗಳ್ದಲ್ಲ."

"ಎತ್ತವ್ವ ಅಲ್ವಾ, ಅಂಗೇ ಏಳ್ತೀಯ" ಅಂದರು ದೊಡ್ಡಮ್ಮ ಕನಿಕರದಿಂದ. ಅವರು ನಂಬಲಿಲ್ಲ. ನಾನಾಗಿದ್ದರೂ ನಂಬುತ್ತಿರಲಿಲ್ಲ.

ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆರಿಗೆ ಸ್ವಲ್ಪ ಎತ್ತಿ ಹಿಡಿದು, ಟಿವಿಯ ಹತ್ತಿರ ಹೋಗಿ ತಿರುಗಿ, "ನೋಡಿ" ಅಂದಳು. ಬಾಗಿಲವರೆಗೆ ನಡೆದಳು. ಬಾಗಿಲಿನಿಂದ ವಾಪಸ್ ನಡೆದಳು. ಬಲಗಾಲು ಇಟ್ಟು, ಎಡಗಾಲನ್ನು ನೆಲಕ್ಕೆ ಉಜ್ಜುತ್ತಾ ಎಳೆದು ತಂದು ಸೇರಿಸುವುದು, ಪ್ರತಿ ಹೆಜ್ಜೆಗೂ ಮೈ ಒಂದು ಕಡೆಗೆ ಕುಸಿದು ಏಳುವುದು. ನಾನು ಏನಂದುಕೊಂಡೆ ಗೊತ್ತೇ? ಅವ್ವ ನಾಟಕ ಮಾಡುತ್ತಿದ್ದಾಳೆ ಅಂದುಕೊಂಡೆ. ನನ್ನನ್ನು ಉಳಿಸಲು ಕುಂಟುತ್ತಿದ್ದಾಳೆ, ಸ್ವಲ್ಪ ಜಾಸ್ತಿಯೇ ಆಯಿತು, ಇವರಿಗೆ ಗೊತ್ತಾಗಿಬಿಡುತ್ತದೆ ಅಂತ ಹೆದರಿದೆ.

ವಾಪಸ್ ಬರುವಾಗ ಅವಳ ಎಡಗೈ ತಾನಾಗಿ ಗೋಡೆಗೆ ಹೋಯಿತು. ಹೋಗಿ ಊರಿದ ಜಾಗದಲ್ಲಿ ಒಂದು ಮಾಸಲು ಕಲೆ. ಅಲ್ಲಿಂದ ಮುಂದಕ್ಕೂ ಗೋಡೆಯುದ್ದ, ಸೊಂಟದ ಮಟ್ಟದಲ್ಲಿ, ಅಂಥದೇ ಕಲೆಗಳು, ಅಡುಗೆಮನೆಯ ಬಾಗಿಲವರೆಗೆ. ಹಿಟ್ಟಿನ ಕೈಯಲ್ಲಿ ಗೋಡೆ ಮುಟ್ಟಿ ಗಲೀಜು ಮಾಡುತ್ತೀಯ ಅಂತ ನಾನೇ ಎಷ್ಟೋ ಸಲ ಅವಳಿಗೆ ರೇಗಿದ್ದೆ. ನಾಟಕವಲ್ಲ. ಇಷ್ಟು ದಿನ ನನ್ನ ಮುಂದೆ ನೆಟ್ಟಗೆ ನಡೆಯುತ್ತಿದ್ದಳಲ್ಲ, ಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳಲ್ಲ, ನಾಟಕ ಅದು.

ದೊಡ್ಡಮ್ಮ ಚಪ್ಪಲಿಯನ್ನು ನೆಲದ ಮೇಲಿಟ್ಟು, ಅವ್ವನ ರಟ್ಟೆ ಹಿಡಿದು ತಮ್ಮ ಪಕ್ಕ ಕೂರಿಸಿಕೊಂಡರು. "ಯಾವತ್ತಿಂದವ್ವ ಇದು?"

"ಏನಿಲ್ಲ ಬುಡಕ್ಕಾ. ಗಿರಣೀಲಿ ನಿಂತೂ ನಿಂತೂ ಇಡ್ಕಂಡೈತೆ. ಉಪ್ಪಿಟ್ಟು ಆರೋಯ್ತದೆ, ತಿನ್ನಿ."

ದೊಡ್ಡಮ್ಮ ನನ್ನ ಕಡೆ ತಿರುಗಿದರು. "ಯಾವತ್ತಿಂದ ಮಗಾ?"

ನನಗೆ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹೋಗುವ ಬರುವವರ ಹಿಮ್ಮಡಿಯನ್ನೆಲ್ಲ ಓದಿದವಳು, ಒಂದೇ ಮನೆಯಲ್ಲಿ ಇದ್ದುಕೊಂಡು ಅದನ್ನು ನೋಡಿರಲಿಲ್ಲ. ತಿಂಗಳಾ, ವರ್ಷವಾ, ಒಂದು ಅಂದಾಜೂ ಹೇಳಲು ಆಗಲಿಲ್ಲ. ಗಿಡ್ಡಿ ಅನ್ನಿಸಿಕೊಂಡಾಗ, ಟೈಲ್ಸಿನ ಮೇಲಿನ ಗೀರು ತೋರಿಸಿದಾಗ, ಎಲ್ಲರ ಮುಂದೆ ನಡೆಸಿದಾಗ ಆದದ್ದೆಲ್ಲ ನಾಚಿಕೆಯೇ ಅಲ್ಲ. ನಾಚಿಕೆ ಅಂದರೆ ಏನು ಅಂತ ನನಗೆ ಗೊತ್ತಾದದ್ದು ಆ ಪ್ರಶ್ನೆಗೆ ಬಾಯಿ ಬಿಡಲಾಗದೆ ನಿಂತಾಗ. ಬೇರೆ ಯಾರೋ, ಮೊದಲ ಸಲ ನಮ್ಮ ಮನೆಗೆ ಬಂದ ಹೆಂಗಸು, ನನ್ನ ಅವ್ವನ ಕಾಲು ಹೇಗಿದೆ ಅಂತ ನನ್ನನ್ನು ಕೇಳಬೇಕಾಯಿತು.

ಉಪ್ಪಿಟ್ಟು ತಿಂದರು, ಕೇಸರಿಬಾತು ಚೆನ್ನಾಗಿದೆ ಅಂದರು, ಹೊರಟರು. ಹುಡುಗ ಬಾಗಿಲಲ್ಲಿ ಶೂ ಹಾಕಿಕೊಂಡು ಎದ್ದು, ನನ್ನ ಕಡೆ ನೋಡದೆ, "ಕಾಲು ಒಂದ್ಸಲ ಡಾಕ್ಟ್ರಿಗೆ ತೋರ್ಸಿ ಅಮ್ಮಾ" ಅಂತ ಅವ್ವನಿಗೆ ಹೇಳಿದರು. ಒಳ್ಳೆಯ ಮನುಷ್ಯ ಅಂತ ನಾನು ಮೊದಲೇ ಅಂದುಕೊಂಡದ್ದು ಸುಳ್ಳಾಗಲಿಲ್ಲ. ಆ ಮಾತು ನಾನು ಹೇಳಬೇಕಾಗಿತ್ತು ಅನ್ನುವುದು ಅವರಿಗೆ ಹೊಳೆದಿತ್ತೋ ಇಲ್ಲವೋ ಗೊತ್ತಿಲ್ಲ. ನಾನಂತೂ ಗೇಟು ಹಾಕುವ ನೆಪದಲ್ಲಿ ಹೊರಗೇ ನಿಂತೆ.

ಕೆಲವು ದಿನ ಕಾದೆವು. ಅವ್ವ ಊಟ ಸರಿಯಾಗಿ ಮಾಡಲಿಲ್ಲ. ಫೋನ್ ಬಂದಾಗಲೆಲ್ಲ ಗಿರಣಿ ನಿಲ್ಲಿಸಿ ಓಡಿಬರುವಳು. ಓಡುವುದು ಅಂದರೆ ಹೇಗೆ ಅಂತ ಈಗ ನನಗೆ ಕಾಣುತ್ತಿತ್ತು. ಕೊನೆಗೆ ಮಾವ ಫೋನ್ ಮಾಡಿ, ಸುತ್ತಿ ಬಳಸಿ, ಅವರಿಗೆ ಹುಡುಗಿಯ ಎತ್ತರ ಸಾಲದಂತೆ, ಹುಡುಗನಿಗೆ ಜೋಡಿಯಾಗುವುದಿಲ್ಲ ಅಂದರಂತೆ ಅಂತ ಹೇಳಿದರು. ನಾನು ಸ್ಪೀಕರಿಗೆ ಹಾಕಿದ್ದೆ. ಅತ್ತರೆ ಅವ್ವ ನೋಡುತ್ತಾಳೆ ಅಂತ ಗಟ್ಟಿ ಮಾಡಿಕೊಂಡು ಅವಳ ಕಡೆ ತಿರುಗಿದರೆ, ಅವಳ ಮುಖ ಅರಳಿತ್ತು.

"ಎತ್ತರ ಅಂದ್ರಾ?" ಅಂತ ಫೋನಿಗೆ ಬಾಯಿ ಹತ್ತಿರ ತಂದು ಕೇಳಿದಳು. "ಬರೀ ಎತ್ತರನೇಯಾ? ಬ್ಯಾರೆ ಏನೂ ಅನ್ನಿಲ್ವಾ?"

"ಇನ್ನೇನಂದಾರು, ಎತ್ತರನೇಯ" ಅಂದರು ಮಾವ.

"ಸದ್ಯ" ಅಂದಳು ಅವ್ವ. ಅಲ್ಲೇ ಮೂಟೆಯ ಮೇಲೆ ಕೂತು, ಎದೆಯ ಮೇಲೆ ಕೈ ಇಟ್ಟುಕೊಂಡಳು. "ಸದ್ಯ, ನನ್ ಕಾಲಿಂದ ತಪ್ಪೋಯ್ತೇನೋ ಅಂತ ಪ್ರಾಣನೇ ಓಗಿತ್ತು ಕಣೇ." ಆಮೇಲೆ ನನ್ನ ಮುಖ ನೋಡಿ, ಖುಷಿ ಪಟ್ಟದ್ದು ತಪ್ಪಾಯಿತು ಅನ್ನುವಂತೆ ಬಾಯಿಗೆ ಸೆರಗು ಹಿಡಿದಳು.

ಮಾರನೆಯ ದಿನ ರಜೆ ಹಾಕಿ ಅವಳನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಕ್ಸ್‌ರೇ ನೋಡಿದ ಡಾಕ್ಟರು ಸೊಂಟದ ಕೀಲು ಸವೆದಿದೆ, ತುಂಬ ದಿನದ್ದು, ಮೊದಲೇ ಬರಬೇಕಾಗಿತ್ತು ಅಂದರು. ನನ್ನ ಕಡೆ ನೋಡಿಯೇ ಅಂದರು. ನಾನು ತಲೆ ಆಡಿಸಿದೆ. ಹೊರಗೆ ಉದ್ದನೆಯ ವರಾಂಡ, ಶೋರೂಮಿನದರ ಹಾಗೇ ಹೊಳೆಯುವ ಟೈಲ್ಸ್. ನಾನು ಔಷಧಿ ಚೀಟಿ ಬ್ಯಾಗಿಗೆ ಹಾಕುವಷ್ಟರಲ್ಲಿ ಅವ್ವ ಮುಂದೆ ಹೋಗಿದ್ದಳು. ಹಿಡಿಯಲು ಗೋಡೆ ದೂರವಿತ್ತು, ಗೋಡೆಯ ಪಕ್ಕ ಬೆಂಚುಗಳ ಮೇಲೆ ಜನ ಕೂತಿದ್ದರು. ನಡುವಿನಲ್ಲಿ ಒಬ್ಬಳೇ ನಡೆಯುತ್ತಿದ್ದಳು. ನಾನು ಹಿಂದೆ ನಿಂತು, ಪಾದ ಎಲ್ಲಿ ಊರುತ್ತದೆ, ಎಲ್ಲಿ ಎಳೆಯುತ್ತದೆ, ಎಷ್ಟು ನೋಯುತ್ತಿರಬಹುದು ಅಂತ ಈಗಲಾದರೂ ತಿಳಿದುಕೊಳ್ಳೋಣ ಅನ್ನುವಂತೆ ನೋಡಿದೆ.

ಅವಳಿಗೆ ಗೊತ್ತಾಯಿತು. ನಿಂತು, ತಿರುಗದೆಯೇ ಹೇಳಿದಳು: "ಇಂದ್ಗಡೆಯಿಂದ ನೋಡ್ಬ್ಯಾಡ ಕಣೇ. ನಂಗೆ ನಾಚ್ಕೆ ಆಯ್ತದೆ."